ಹಿಂಬಾಗಿಲ ಪಾತರಗಿತ್ತಿ

"ಏನು ಅಳೀತಿದ್ದೀರ ತಾಯಿ ಅಲ್ಲಿ?" ಎಂದು ಗುಂಡಿ ಅಜ್ಜಿ ಕೇಳಿದಾಗ ನಾನು ಅವಳ ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ, ಸಿಂಕಿನ ಕೆಳಗಿನ ಗೂಡಿನೊಳಗೆ ತಲೆ ತೂರಿಸಿದ್ದೆ.

"ಈ ಬಾಗಿಲಿನ ಚಿಲಕ ನೆಲದಿಂದ ಎಷ್ಟು ಎತ್ತರಕ್ಕಿದೆ ಅಂತ."

"ಚಿಲಕಾನೇ ಇಲ್ವಲ್ಲ."

"ಅದನ್ನೇ ಬರ್ಕೊಳ್ತಿದ್ದೀನಿ."

ಒಳಗೆ ಫಿನಾಯಿಲ್ ಬಾಟಲಿ, ಸೋಪಿನ ಪುಡಿ, ಒಂದು ಹಳೆಯ ಕತ್ತರಿ. ಎಲ್ಲವೂ ಎರಡು ವರ್ಷದ ಕೈಗೆ ಸಲೀಸಾಗಿ ಎಟುಕುವ ಹಾಗೆ. ಬಾಟಲಿಯನ್ನು ಹೊರಗೆ ತೆಗೆದು ಅಜ್ಜಿಯ ಮುಖಕ್ಕೆ ಹಿಡಿದೆ. ಅವಳು ಅದನ್ನು ಕಸಿದುಕೊಂಡು ಅಟ್ಟದ ಮೇಲಿಟ್ಟಳು, ಕತ್ತರಿಯನ್ನೂ ಇಟ್ಟಳು.

"ಬೈರಿ. ಬೈಸ್ಕೊಳ್ಳೋ ಕೆಲಸಾನೇ ಮಾಡಿದ್ದೀನಿ" ಎಂದಳು.

ಬೈಯಲು ನನಗೆ ಬಾಯಿ ಬರಲಿಲ್ಲ. ಅವಳ ಮನೆಯ ಬಾಗಿಲಿಗೆ ಅಂಟಿಸಬೇಕಾದ ನೋಟೀಸು ನನ್ನ ಚೀಲದಲ್ಲಿತ್ತು. ಸಾಹೇಬರ ಸಹಿ ಬಿದ್ದಾಗಿತ್ತು. ಸಂಜೆ ಐದಕ್ಕೆ ಅಂಟಿಸಿದರೆ ಮುಗಿಯಿತು, ನಾಳೆಯಿಂದ ಈ ಮನೆಯೊಳಗೆ ಬೇರೆಯವರ ಮಗು ಕಾಲಿಡುವಂತಿಲ್ಲ. ಗೋಡೆ ಗಡಿಯಾರದಲ್ಲಿ ಆಗಲೇ ಮೂರು ಗಂಟೆ.

ಈ ನೋಟೀಸಿಗೆ ಕಾರಣವಾದ ಮಗು ಬಸ್ ಸ್ಟಾಪಿನಲ್ಲಿ ಒಂಟಿಯಾಗಿ ಸಿಕ್ಕಿ ಇವತ್ತಿಗೆ ಮೂರು ದಿನ. ಎರಡೂವರೆ ವರ್ಷದ ಹೆಣ್ಣು ಮಗು, ಒಂದು ಶೂ ಕಾಲಿನಲ್ಲಿ, ಇನ್ನೊಂದು ಕೈಯಲ್ಲಿ. ಅದಕ್ಕೇ ನಮ್ಮ ಕಚೇರಿಯಲ್ಲಿ ಎಲ್ಲರೂ ಅದನ್ನು ಒಂಟಿ ಶೂ ಎನ್ನುತ್ತೇವೆ. ಬಸ್ ಕಂಡಕ್ಟರು ಎತ್ತಿಕೊಂಡು ಹೆಸರು ಕೇಳಿದರೆ ಅದು ಹೇಳಿದ್ದು ಒಂದೇ ಮಾತು, "ಪಾತಿ". ಅಪ್ಪನ ಹೆಸರು ಕೇಳಿದರೂ ಪಾತಿ, ಮನೆ ಎಲ್ಲಿ ಎಂದರೂ ಪಾತಿ. ಅದೃಷ್ಟಕ್ಕೆ ಮೈಮೇಲೆ ಒಂದು ಗೀರೂ ಇರಲಿಲ್ಲ.

ತಾಯಿ ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಎಂಟಕ್ಕೆ ಟೀಚರ್ ಮನೆಯಲ್ಲಿ ಬಿಟ್ಟೆ ಎನ್ನುತ್ತಾಳೆ. ಟೀಚರ್ ಎಂದರೆ ಈ ಬಡಾವಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಪರವಾನಗಿ ಇರುವ ಒಬ್ಬಳೇ ಹೆಂಗಸು. ಪರವಾನಗಿಗೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದಾಳೆ. ಅವಳ ಹಾಜರಿ ಪುಸ್ತಕದಲ್ಲಿ ಆ ದಿನ ಆ ಮಗುವಿನ ಹೆಸರಿನ ಮುಂದೆ "ಗೈರು" ಎಂದಿದೆ. ಇತ್ತ ಕಿರಾಣಿ ಅಂಗಡಿಯವನು ಮಗು ಸಿಕ್ಕಿದ ಹೊತ್ತಿನಲ್ಲೇ ಗುಂಡಿ ಅಜ್ಜಿ ಕಂಕುಳಲ್ಲಿ ಕೂಸು ಇಟ್ಟುಕೊಂಡು, ಬರಿಗಾಲಲ್ಲಿ, ಕೂಗುತ್ತಾ ಬಸ್ ಸ್ಟಾಪಿನ ಕಡೆ ಓಡಿದ್ದನ್ನು ಕಣ್ಣಾರೆ ಕಂಡಿದ್ದಾನೆ. ಪರವಾನಗಿ ಇಲ್ಲದ ಮನೆ, ಮಗು ಬೀದಿಗೆ ಬಿದ್ದಿದೆ, ಮುದುಕಿ ಓಡಿದ್ದಾಳೆ. ಸಾಹೇಬರಿಗೆ ಇಷ್ಟು ಸಾಕಾಯಿತು.

ನನಗೆ ಸಾಕಾಗಲಿಲ್ಲ. ಎಲ್ಲದರಲ್ಲೂ ಮೂಗು ತೂರಿಸುವುದು ನನ್ನ ಹುಟ್ಟುಗುಣ, ಅದಕ್ಕೆ ಸರ್ಕಾರ ಸಂಬಳ ಬೇರೆ ಕೊಡುತ್ತದೆ.

ನಾನು ಪೊಲೀಸಲ್ಲ. ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆ ಪರವಾನಗಿ ಕೊಡುವ ಕಚೇರಿಯ ತಪಾಸಕಿ. ಅಳತೆಯ ಟೇಪು ಸದಾ ಕೈಯಲ್ಲಿರುವುದರಿಂದ ಹಿಂದಿನಿಂದ ನನ್ನನ್ನು ಟೇಪಮ್ಮ ಎನ್ನುತ್ತಾರೆ, ಅದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ನನ್ನ ಹೆಮ್ಮೆ ಒಂದೇ: ಹೇಳದೆ ಕೇಳದೆ ಹೋಗುವುದು. ಯಾವ ದಿನ ಯಾರ ಬಾಗಿಲು ತಟ್ಟುತ್ತೇನೆಂಬುದು ಕಚೇರಿಯಲ್ಲಿ ಸಾಹೇಬರಿಗೂ ಗೊತ್ತಿರುವುದಿಲ್ಲ. ಡೈರಿಯನ್ನು ಅಲ್ಲಿಡುವುದೇ ಇಲ್ಲ, ಮನೆಗೇ ಒಯ್ಯುತ್ತೇನೆ. "ಅಣುಬಾಂಬಿನ ಗುಟ್ಟೇನೋ ಅನ್ನೋ ಹಾಗೆ ಕಾಪಾಡ್ತೀಯಲ್ಲಮ್ಮ" ಎಂದು ನನ್ನ ಮಾವ, ಎಂದರೆ ಗಂಡನ ತಂದೆ, ರೇಗಿಸುತ್ತಾರೆ.

ನಮ್ಮ ಪಟ್ಟಿಯಲ್ಲಿ ನಲವತ್ತೆರಡು ಅಂಶಗಳಿವೆ. ಚಿಲಕ, ಸ್ವಿಚ್ಚಿನ ಮುಚ್ಚಳ, ಬೆಂಕಿ ಆರಿಸುವ ಸಿಲಿಂಡರು, ಪ್ರಥಮ ಚಿಕಿತ್ಸೆಯ ತರಬೇತಿ, ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು, ಹೀಗೆ. ನಲವತ್ಮೂರನೆಯದನ್ನು ನಾನೇ ಸೇರಿಸಿಕೊಂಡಿದ್ದೇನೆ, ಕಾಗದದಲ್ಲಲ್ಲ, ತಲೆಯಲ್ಲಿ. ಗುರುತಿಲ್ಲದವರು ಮನೆಯೊಳಗೆ ಬಂದಾಗ ಮಗು ಯಾರ ಕಡೆ ಓಡುತ್ತದೆ?

ಇವತ್ತು ನಾನು ಈ ಮನೆಯ ಹೊಸ್ತಿಲು ದಾಟಿದಾಗ ಮೂವರು ಮಕ್ಕಳು ಎದ್ದೆವೋ ಬಿದ್ದೆವೋ ಎಂದು ಹೋಗಿ ಅಜ್ಜಿಯ ಸೀರೆ ಹಿಡಿದುಕೊಂಡಿದ್ದವು. ನಾಲ್ಕನೆಯದು ಆರು ತಿಂಗಳ ಕೂಸು, ಓಡಲು ಬಾರದೆ ಅವಳ ಕಡೆ ಕೈ ಚಾಚಿತ್ತು. ನಲವತ್ತೆರಡರಲ್ಲಿ ಅಜ್ಜಿಗೆ ಸಿಕ್ಕಿದ್ದು ಹತ್ತೊಂಬತ್ತು. ನಲವತ್ಮೂರನೆಯದರಲ್ಲಿ ನೂರಕ್ಕೆ ನೂರು.

ಕೂಸು ಅಳತೊಡಗಿತು. ಅಜ್ಜಿ ಅದರ ಮುಂದೆ ಕೂತು ಎರಡೂ ಕೈ ಚಾಚಿ, "ಎತ್ಕೊಳ್ಳಲಾ?" ಎಂದು ಕೇಳಿ ಕಾದಳು. ಆರು ತಿಂಗಳ ಕೂಸನ್ನು ಕೇಳಿ ಎತ್ತಿಕೊಳ್ಳುವವರನ್ನು ನನ್ನ ಹದಿನಾಲ್ಕು ವರ್ಷದ ನೌಕರಿಯಲ್ಲಿ ಬೆರಳೆಣಿಕೆಯಷ್ಟು ಕಂಡಿದ್ದೇನೆ. ಕೂಸು ಬೆನ್ನು ಸೆಟೆಸಿ ಮುಂದೆ ಬಾಗಿದ ಮೇಲೆಯೇ ಅವಳು ಎತ್ತಿದ್ದು.

"ಲೈಸೆನ್ಸಿಗೆ ಯಾಕೆ ಅರ್ಜಿ ಹಾಕಿಲ್ಲ ಅಜ್ಜಿ?"

"ಅರ್ಜಿ ಓದಕ್ಕೆ ಬರಬೇಕಲ್ಲ. ಮೂವತ್ತೆರಡು ಹಾಳೆ ಅದೆ. ಪರೀಕ್ಷೆ ಬೇರೆ, ಬರವಣಿಗೇಲಿ. ನಂಗೆ ಅಕ್ಷರ ಅಂದ್ರೆ ಇರುವೆ ಸಾಲು."

"ಹಾಗಾದ್ರೆ ಯಾವ ಮಗು ಬಂತು, ಯಾವುದು ಹೋಯ್ತು ಅಂತ ಹೇಗೆ ಗೊತ್ತಾಗುತ್ತೆ?"

ಅಜ್ಜಿ ಗದ್ದ ಎತ್ತಿ ಬಾಗಿಲಿನ ಮೇಲುಗಡೆ ತೋರಿಸಿದಳು. ಮಕ್ಕಳಿಗೆ ಎಟುಕದ ಎತ್ತರದಲ್ಲಿ ಎರಡು ಮೊಳೆ, ಎರಡಕ್ಕೂ ಒಂದೊಂದು ದೊಡ್ಡ ಸೇಫ್ಟಿ ಪಿನ್ನು, ಪಿನ್ನುಗಳ ತುಂಬ ಅಂಗಿ ಗುಂಡಿಗಳು. ಪ್ರತಿ ಮಗುವಿಗೂ ಒಂದು ಗುಂಡಿ. ಮಗು ಬಂದ ಕೂಡಲೇ ಅದರ ಗುಂಡಿ ಎಡಗಡೆಯ ಪಿನ್ನಿಂದ ಬಲಗಡೆಗೆ, ತಾಯಿ ಕರೆದುಕೊಂಡು ಹೋದ ಕೂಡಲೇ ಮತ್ತೆ ಎಡಗಡೆಗೆ. ಅದೇ ಬಣ್ಣದ ಇನ್ನೊಂದು ಗುಂಡಿಯನ್ನು ಮಗುವಿನ ಬಟ್ಟೆಯ ಒಳಮಡಿಕೆಯಲ್ಲಿ ಹೊಲಿದುಬಿಡುತ್ತಾಳೆ. ಯಾವ ಅಂಗಿ ಯಾರದೆಂದು ಗೊಂದಲವಿಲ್ಲ. ಗುಂಡಿ ಅಜ್ಜಿ ಎಂಬ ಹೆಸರು ಬಂದದ್ದು ಹಾಗೆ. ಕೂಸಿನ ಅಂಗಿಯ ಅಂಚು ಮಡಚಿ ನೋಡಿದೆ. ಬಿಳಿ ಗುಂಡಿ, ಕೆಂಪು ದಾರ, ಅಡ್ಡಡ್ಡ ನಾಲ್ಕು ಹೊಲಿಗೆ, ಹಿಂದೆ ಜೋಡಿ ಗಂಟು.

ಸ್ಟೂಲು ಹತ್ತಿ ಪಿನ್ನುಗಳನ್ನು ನೋಡಿದೆ. ಬಲಗಡೆ ನಾಲ್ಕು ಗುಂಡಿ, ಮನೆಯಲ್ಲಿ ನಾಲ್ಕು ಮಕ್ಕಳು. ಲೆಕ್ಕ ಸರಿ.

ಎಡಗಡೆ ಮೂರು ಗುಂಡಿ. ಹಳದಿ, ನೀಲಿ, ಹಸಿರು.

"ಇವು ಯಾರವು?"

"ಹಳೇ ಮಕ್ಕಳದ್ದು. ದೊಡ್ಡವಾಗಿ ಶಾಲೆಗೆ ಹೋದ್ವು."

ಬೆರಳಿಂದ ಸವರಿದೆ. ಪಿನ್ನು ತೂಗುಹಾಕಿದ ಮೊಳೆಯ ಮೇಲೆ ಧೂಳಿತ್ತು, ಗುಂಡಿಗಳ ಮೇಲೆ ಒಂದು ಕಣವೂ ಇರಲಿಲ್ಲ. ಎಂದೋ ಶಾಲೆಗೆ ಹೋದ ಮಕ್ಕಳ ಗುಂಡಿಗಳನ್ನು ದಿನವೂ ಮುಟ್ಟುವವರು ಯಾರು?

ಕೆಳಗಿಳಿದು ಚೀಲ ತೆರೆದೆ. ಆ ದಿನ ಒಂಟಿ ಶೂ ತೊಟ್ಟಿದ್ದ ಫ್ರಾಕನ್ನು ಅದರ ತಾಯಿ ನನಗೆ ಕೊಟ್ಟಿದ್ದಳು. ಒಳಮಡಿಕೆಯಲ್ಲಿ ಒಂದು ಹೆಚ್ಚುವರಿ ಗುಂಡಿ ಇರುವುದನ್ನು ನಾನು ನಿನ್ನೆಯೇ ನೋಡಿದ್ದೆ, ಅಂಗಡಿಯವರೇ ಕೊಟ್ಟಿರಬೇಕು ಎಂದು ಸುಮ್ಮನಾಗಿದ್ದೆ. ಈಗ ಅದನ್ನು ಮಡಚಿ ಅಜ್ಜಿಯ ಮುಂದೆ ಹಿಡಿದೆ. ಹಸಿರು ಗುಂಡಿ. ಕೆಂಪು ದಾರ.

"ಈ ಮಗೂನ ಜನ್ಮದಲ್ಲೇ ನೋಡಿಲ್ಲ ಅಂತ ಪೊಲೀಸರ ಹತ್ರ ಹೇಳಿದ್ದೀರಿ."

"ಗುಂಡಿ ಎಲ್ಲಾ ಅಂಗಡೀಲೂ ಸಿಗುತ್ತೆ ತಾಯಿ."

"ಕೆಂಪು ದಾರಾನೂ ಸಿಗುತ್ತೆ. ಜೋಡಿ ಗಂಟು ಸಿಗುತ್ತಾ?"

ಅಜ್ಜಿ ಕೂಸಿನ ಬೆನ್ನು ತಟ್ಟುತ್ತಾ ಕಿಟಕಿಯ ಕಡೆ ತಿರುಗಿದಳು.

ಆಗಲೇ ನನ್ನ ತಲೆಯೊಳಗೆ ಮೂರು ಎಂಬ ಅಂಕಿ ಟಕ್ಕೆಂದು ಕೂತದ್ದು. ನಿನ್ನೆ ಟೀಚರ್‌ಳ ಹಾಜರಿ ಪುಸ್ತಕ ತಿರುವುವಾಗ ಏನೋ ಒಂದು ಕಣ್ಣಿಗೆ ಚುಚ್ಚಿತ್ತು, ಏನೆಂದು ತಿಳಿದಿರಲಿಲ್ಲ. ಅವಳ ಪರವಾನಗಿ ಒಂದು ಹೊತ್ತಿಗೆ ಆರು ಮಕ್ಕಳಿಗೆ. ಪುಸ್ತಕದಲ್ಲಿರುವ ಹೆಸರು ಒಂಬತ್ತು. ದಿನವೂ ಆರು ಹಾಜರು, ಮೂರು ಗೈರು. ಒಂದು ದಿನ ಇವರು, ಒಂದು ದಿನ ಅವರು, ಆದರೆ ಸರಿಯಾಗಿ ಮೂವರೇ. ಇಡೀ ಬಡಾವಣೆಯ ಮಕ್ಕಳಿಗೆ ಕೆಮ್ಮು ಬಂದಿದ್ದ ವಾರದಲ್ಲೂ ಮೂವರೇ. ಮಕ್ಕಳು ಇಷ್ಟು ಶಿಸ್ತಾಗಿ ಕಾಯಿಲೆ ಬೀಳುವುದುಂಟೇ?

"ಈ ಹಿಂಬಾಗಿಲು ಎಲ್ಲಿಗೆ ಹೋಗುತ್ತೆ ಅಜ್ಜಿ?"

"ಹಿತ್ತಿಲಿಗೆ."

"ಹಿತ್ತಿಲು ಎಲ್ಲಿಗೆ ಹೋಗುತ್ತೆ?"

ಉತ್ತರಕ್ಕೆ ಕಾಯದೆ ಚಿಲಕ ತೆಗೆದೆ. ಬಟ್ಟೆ ಒಗೆಯುವ ಕಲ್ಲು, ಒಂದು ನಲ್ಲಿ, ಹಿಂದಿನ ಗೋಡೆಯಲ್ಲಿ ನನ್ನ ಸೊಂಟದೆತ್ತರದ ತಗಡಿನ ಗೇಟು. ಕಲ್ಲಿನಿಂದ ಗೇಟಿನವರೆಗೆ ಹುಲ್ಲು ಸವೆದು ಒಂದು ಗೇಣು ಅಗಲದ ದಾರಿ ಬಿದ್ದಿತ್ತು. ದೊಡ್ಡವರು ನಡೆದರೆ ಅಷ್ಟು ಸಣ್ಣ ದಾರಿ ಬೀಳುವುದಿಲ್ಲ. ಗೇಟಿನ ಕೀಲು ಮುಟ್ಟಿದರೆ ಬೆರಳಿಗೆ ಎಣ್ಣೆ ಹತ್ತಿತು. ತಳ್ಳಿದೆ, ಒಂಚೂರೂ ಸದ್ದಾಗಲಿಲ್ಲ.

ಗೇಟಿನಾಚೆಯ ಅಂಗಳದಲ್ಲಿ ಹಗ್ಗದ ಮೇಲೆ ಪುಟ್ಟ ಟವೆಲುಗಳು, ಪ್ರತಿಯೊಂದರ ಮೇಲೂ ಹೆಸರು ಬರೆದ ಚೀಟಿ. ಅಷ್ಟು ದುಂಡಗಿನ ಅಕ್ಷರ ಈ ಬಡಾವಣೆಯಲ್ಲಿ ಒಬ್ಬಳದೇ. ನಾನು ಪೆದ್ದಿ. ಎರಡೂ ಮನೆಗೆ ಮುಂಬಾಗಿಲಿನಿಂದಲೇ ಹೋಗಿ ಬಂದವಳು. ಬೀದಿ ಸುತ್ತಿ ನಡೆದರೆ ಒಂದರಿಂದ ಒಂದಕ್ಕೆ ಹದಿನೈದು ನಿಮಿಷ. ಟೇಪು ಚೀಲದಲ್ಲೇ ಇರಲಿ ಎಂದು ಹೆಜ್ಜೆಯಲ್ಲೇ ಎಣಿಸಿದೆ, ಹಿಂದಿನಿಂದ ಹನ್ನೊಂದು ಹೆಜ್ಜೆ.

ಟೀಚರ್ ಅಡುಗೆಮನೆಯಲ್ಲಿ ಹಾಲು ಬಿಸಿ ಮಾಡುತ್ತಿದ್ದಳು. ಹಿಂಬಾಗಿಲಲ್ಲಿ ನನ್ನನ್ನು ಕಂಡು ಕೈಯಲ್ಲಿದ್ದ ಸೌಟು ಪಾತ್ರೆಯೊಳಗೇ ಬಿತ್ತು.

"ಮೇಡಂ! ನೀವು... ಈ ಕಡೆಯಿಂದ..."

"ಹತ್ರದ ದಾರಿ ಅಲ್ವಾ" ಎಂದೆ.

ನಡುಮನೆಯಲ್ಲಿ ಚಾಪೆಯ ಮೇಲೆ ಮಕ್ಕಳು ಸಾಲಾಗಿ ಕೂತಿದ್ದರು. ಎಣಿಸಿದೆ. ಒಂಬತ್ತು. ಸ್ವಿಚ್ಚಿಗೆಲ್ಲ ಮುಚ್ಚಳವಿತ್ತು, ಮೇಜಿನ ಮೂಲೆಗಳಿಗೆಲ್ಲ ಸ್ಪಂಜು ಸುತ್ತಿತ್ತು, ಔಷಧಿ ಡಬ್ಬಿಗೆ ಬೀಗವಿತ್ತು. ನಲವತ್ತೆರಡಕ್ಕೆ ನಲವತ್ತೊಂದು ಕೊಡಬಹುದಾದ ಮನೆ. ನಾನು ಒಳಗೆ ಬಂದಾಗ ಆ ಒಂಬತ್ತರಲ್ಲಿ ಒಂದು ಮಗುವೂ ಓಡಿಹೋಗಿ ಯಾರನ್ನೂ ಹಿಡಿದುಕೊಳ್ಳಲಿಲ್ಲ. ತಿರುಗಿ ನೋಡಿ ಕೂತಲ್ಲೇ ಕೂತವು.

"ಇವತ್ತೊಂದೇ ದಿನ ಮೇಡಂ. ಎಲ್ಲರೂ ಒಟ್ಟಿಗೆ ಬಂದುಬಿಟ್ರು, ಏನು ಮಾಡ್ಲಿ?"

"ಬರಲಿ ಬಿಡಿ" ಎಂದು ಬೇರೆ ಗತಿಯಿಲ್ಲದ ತಾಯಿ ಮತ್ತೆ ಇಲ್ಲೇ ಬಿಟ್ಟುಹೋಗಿದ್ದ ಒಂಟಿ ಶೂ ಪಕ್ಕದಲ್ಲಿ ಚಾಪೆಯ ಮೇಲೆ ಕೂತೆ. ಮಗು ನನ್ನ ಚೀಲದಿಂದ ಇಣುಕುತ್ತಿದ್ದ ಟೇಪನ್ನೇ ನೋಡುತ್ತಿತ್ತು. ಎಳೆದು ತೋರಿಸಿದೆ, ಸರ್ರನೆ ಒಳಗೆ ಬಿಟ್ಟೆ. ನಕ್ಕಿತು. ಪ್ರತಿ ಮಗುವಿನ ಮುಂದೆಯೂ ಒಂದು ಲೋಟ. ಆರು ಲೋಟಗಳ ಮೇಲೆ ಹೂವಿನ ಚಿತ್ರ ಅಂಟಿಸಿತ್ತು. ಒಂಟಿ ಶೂ ಲೋಟದ ಮೇಲೆ, ಇನ್ನೂ ಇಬ್ಬರ ಲೋಟಗಳ ಮೇಲೆ, ಬೇರೆ ಚಿತ್ರ.

"ಇದೇನು ಪುಟ್ಟಿ?" ಎಂದು ಆ ಚಿತ್ರದ ಮೇಲೆ ಬೆರಳಿಟ್ಟೆ.

"ಪಾತಿ" ಎಂದಿತು.

"ಓಹೋ, ಪಾತರಗಿತ್ತಿ!" ಎಂದು ನಾನು ಖುಷಿಯಿಂದ ಜೋರಾಗಿಯೇ ಅಂದೆ.

ಮೂರು ಮಕ್ಕಳು ಎದ್ದು ನಿಂತವು.

ಒಂದು ಮಾತಿಲ್ಲ, ನಗುವಿಲ್ಲ. ಗೋಡೆಯ ಬುಡದಲ್ಲಿ ಸಾಲಾಗಿ ಇಟ್ಟಿದ್ದ ಶೂಗಳಲ್ಲಿ ತಮ್ಮ ತಮ್ಮದನ್ನು ಹೆಕ್ಕಿ ಕೈಯಲ್ಲಿ ಹಿಡಿದುಕೊಂಡವು. ಬರಿಗಾಲಲ್ಲಿ ಒಂದರ ಹಿಂದೆ ಒಂದು ಹಿಂಬಾಗಿಲಿಗೆ ಹೋಗಿ ನಿಂತವು. ಎಲ್ಲಕ್ಕಿಂತ ಮುಂದೆ ಒಂಟಿ ಶೂ, ಎರಡೂ ಶೂ ಎದೆಗೆ ಅವಚಿಕೊಂಡು, ಬಾಗಿಲು ತೆಗೆಯಲೆಂದು ನನ್ನ ಮುಖ ನೋಡುತ್ತಿತ್ತು.

ಎರಡೂವರೆ ವರ್ಷದ ಮಕ್ಕಳು ಇಷ್ಟು ಸದ್ದಿಲ್ಲದೆ ಮಾತು ಕೇಳುವುದನ್ನು ನಾನು ಎಲ್ಲಿಯೂ ಕಂಡಿರಲಿಲ್ಲ, ಕಾಣುವ ಆಸೆಯೂ ನನಗಿರಲಿಲ್ಲ.

"ಆಟ ಅದು" ಎಂದಳು ಟೀಚರ್.

"ಯಾರ ಆಟ?"

ಅವಳು ಒಲೆ ಆರಿಸಿ ಬಂದು ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟಳು.

"ಆರಕ್ಕೆ ಒಪ್ಪಿಗೆ ಕೊಟ್ರಿ. ಒಂಬತ್ತು ತಾಯಂದಿರು ಬಾಗಿಲಲ್ಲಿ ನಿಂತ್ಕೊಂಡ್ರೆ ಯಾವ ಮೂವರಿಗೆ ಇಲ್ಲ ಅನ್ಲಿ ಮೇಡಂ? ಒಬ್ಬಳಿಗೆ ಆಸ್ಪತ್ರೆ ಪಾಳಿ. ಒಬ್ಬಳಿಗೆ ರಜಾ ಹಾಕಿದ್ರೆ ಕೆಲಸಾನೇ ಹೋಗುತ್ತೆ. ಒಂಬತ್ತು ಬೇಕು ಅಂದ್ರೆ ಇನ್ನೊಬ್ಬ ತರಬೇತಿ ಆದವಳು ಇರಬೇಕು ಅಂತೀರಿ, ಅಂಥವಳು ಎಲ್ಲಿ ಸಿಗ್ತಾಳೆ? ನೀವು ಬರೋ ದಿನ ಮೂವರನ್ನ ಅಜ್ಜಿ ಮನೆಗೆ ಕಳಿಸ್ತಿದ್ದೆ. ಅಳದೆ ಹೋಗಲಿ ಅಂತ ಆಟ ಮಾಡಿ, ದಿನಾ ಒಂದ್ಸಲ ಅಜ್ಜಿ ಮನೆವರೆಗೂ ಆಡಿಸ್ತಿದ್ದೆ. ಪಾತರಗಿತ್ತಿ ಅಂದ್ರೆ ಸದ್ದು ಮಾಡದೆ ಹಾರೋದು ಅಂತ."

"ಮೂರು ದಿನದ ಹಿಂದೆ?"

"ಅವತ್ತು ಪಾತರಗಿತ್ತಿ ಅಂದೆ. ಯಾವಾಗಲೂ ಅಜ್ಜಿ ಗೇಟಲ್ಲಿ ನಿಂತಿರ್ತಾರೆ, ಹಗ್ಗದ ಮೇಲೆ ಹಳದಿ ಬಟ್ಟೆ ಹಾಕಿ ಸನ್ನೆ ಮಾಡ್ತೀನಿ. ಅವತ್ತು ಅದಕ್ಕೂ ಪುರುಸೊತ್ತಿರಲಿಲ್ಲ. ನೀರಿನ ಕ್ಯಾನಿನವನು ಪಕ್ಕದ ಓಣಿ ಬಾಗಿಲು ತೆಗೆದಿಟ್ಟು ಹೋಗಿದ್ದ. ಇಬ್ಬರು ಗೇಟಿಗೆ ಹೋದ್ರು. ಇವಳು..."

"ಎರಡು ನಿಮಿಷದಲ್ಲಿ ಗೊತ್ತಾಯ್ತು ನಂಗೆ."

ಹಿಂಬಾಗಿಲಲ್ಲಿ ಗುಂಡಿ ಅಜ್ಜಿ ನಿಂತಿದ್ದಳು. ಕಂಕುಳಲ್ಲಿ ಕೂಸು, ಸೀರೆಯ ಸೆರಗು ಹಿಡಿದ ಮೂವರು. ಅವಳನ್ನು ಕಂಡದ್ದೇ ತಡ, ಒಂಟಿ ಶೂ ಕೈಯಲ್ಲಿದ್ದ ಶೂಗಳನ್ನು ಬಿಸಾಡಿ ಹೋಗಿ ಅವಳ ಕಾಲು ತಬ್ಬಿಕೊಂಡಿತು. ಈ ಮಗುವನ್ನೇ ಜನ್ಮದಲ್ಲಿ ನೋಡಿಲ್ಲ ಎಂದಿದ್ದಳಲ್ಲ ಮಾರಾಯ್ತಿ! ನನಗೆ ಆ ಹೊತ್ತಿನಲ್ಲೂ ನಗು ಬಂತು.

"ನಲ್ಲಿ ಹತ್ರ ಬಟ್ಟೆ ಒಗೀತಿದ್ದೆ. ನೋಡ್ತೀನಿ, ಇಬ್ಬರು ಗೇಟಲ್ಲಿ ನಿಂತವ್ರೆ. ಒಳಗೆ ಕರ್ಕೊಂಡು ಗುಂಡಿ ಬದಲಾಯಿಸ್ದೆ. ಹಳದಿ ಬಂತು, ನೀಲಿ ಬಂತು, ಹಸಿರು ಅಲ್ಲೇ ಉಳೀತು. ಉಳಿದವ್ರನ್ನ ಕೋಣೇಲಿ ಕೂರಿಸಿ ಚಿಲಕ ಹಾಕಿ ಓಡ್ದೆ. ಹಾಗೆ ಬಿಟ್ಟು ಹೋಗಬಾರದಿತ್ತು. ಆದ್ರೆ ಇರೋದು ಎರಡೇ ಕೈ ತಾಯಿ. ನಾನು ಮುಟ್ಟೋ ಹೊತ್ತಿಗೆ ಕಂಡಕ್ಟರು ಎತ್ಕೊಂಡಿದ್ದ."

"ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಅವಳ ಕಾಗದ ಹೋದ್ರೆ ಒಂಬತ್ತು ಮಕ್ಕಳಿಗೆ ಜಾಗ ಇಲ್ಲ. ನನ್ನ ಬಾಗಿಲು ಮುಚ್ಚಿದ್ರೆ ನಾಲ್ಕು. ನಂಗೆ ಓದಕ್ಕೆ ಬರಲ್ಲ, ಇಷ್ಟು ಲೆಕ್ಕ ಬರುತ್ತೆ."

ಟೀಚರ್ ತಲೆ ತಗ್ಗಿಸಿ ಅಳುತ್ತಿದ್ದಳು. ಅವಳು ಕೆಟ್ಟವಳಲ್ಲ, ಹೆದರಿದವಳು. ಆದರೆ ತನ್ನ ಪುಸ್ತಕ ಉಳಿಸಿಕೊಳ್ಳಲು ಮುದುಕಿಯ ಬಾಗಿಲು ಮುಚ್ಚಿಸಲು ಸಿದ್ಧವಾಗಿದ್ದಳಲ್ಲ, ಆ ಸಿಟ್ಟು ನನಗೆ ಇಳಿಯಲಿಲ್ಲ. ಶಾಯಿಯಲ್ಲಿ ಬರೆದ ಹಾಜರಿ ಮಗುವನ್ನು ಮರೆಮಾಚಿತ್ತು. ಗುಂಡಿಯ ಹಾಜರಿ ಎರಡು ನಿಮಿಷದಲ್ಲಿ ಕಂಡುಹಿಡಿದು ಬರಿಗಾಲಲ್ಲಿ ಓಡಿತ್ತು. ನೋಟೀಸು ಇದ್ದದ್ದು ಮಾತ್ರ ಗುಂಡಿಯ ಹೆಸರಿಗೆ.

ಆಗ ನನಗೆ ಇನ್ನೊಂದು ಹೊಳೆಯಿತು.

"ಒಂದು ನಿಮಿ‍ಷ. ನಾನು ಬರೋ ದಿನ ಕಳಿಸ್ತಿದ್ದೆ ಅಂದ್ರಿ. ನಾನು ಬರ್ತೀನಿ ಅಂತ ನಿಮಗೆ ಹೇಗೆ ಗೊತ್ತು?"

ಟೀಚರ್ ಕಣ್ಣೊರೆಸಿಕೊಂಡು ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ನಿಮ್ಮ ಕಚೇರಿಯಿಂದ ಫೋನ್ ಬರುತ್ತಲ್ಲ ಮೇಡಂ. ಪ್ರತಿ ಸಲ, ಒಂದು ಗಂಟೆ ಮುಂಚೆ. ನೀವೇ ಹೇಳಿಸ್ತೀರಿ ಅಂದ್ಕೊಂಡಿದ್ದೆ."

ಹದಿನಾಲ್ಕು ವರ್ಷದ ನನ್ನ ಹೆಮ್ಮೆ ಆ ಚಾಪೆಯ ಮೇಲೆ ಉದುರಿಬಿತ್ತು. ಹೇಳದೆ ಕೇಳದೆ ಹೋಗುವ ಟೇಪಮ್ಮ! ಹೋಗುವ ಮೊದಲೇ ಮನೆಮಂದಿಗೆಲ್ಲ ಸುದ್ದಿ.

"ಮೂರು ದಿನದ ಹಿಂದೆ ನಾನು ಈ ಕಡೆ ಬರೋದೇ ಇರಲಿಲ್ಲ. ಡೈರೀಲಿ ನಿಮ್ಮ ಮನೆ ಇರಲಿಲ್ಲ."

"ಅವತ್ತೂ ಬಂತು. ಒಂಬತ್ತೂ ಇಪ್ಪತ್ತಕ್ಕೆ. 'ತಪಾಸಕಿ ನಿಮ್ಮ ಬೀದೀಲೇ ಇದ್ದಾರೆ, ಬೇಗ' ಅಂದ್ರು. ಅದಕ್ಕೇ ಹಳದಿ ಬಟ್ಟೆ ಹಾಕಕ್ಕೂ ಆಗಲಿಲ್ಲ."

"ಅಂದ್ರು ಅಂದ್ರೆ? ಯಾರು?"

"ಗಂಡಸಿನ ದನಿ. ವಯಸ್ಸಾದವರು. ಹೆಸರು ಹೇಳಲ್ಲ. ಬಹಳ ಮರ್ಯಾದೆಯಿಂದ ಮಾತಾಡ್ತಾರೆ."

ಬರದ ತಪಾಸಕಿ ಬಂದಳೆಂದು ಸುಳ್ಳು ಹೇಳಿ, ಮೂರು ಮಕ್ಕಳನ್ನು ಗಡಿಬಿಡಿಯಲ್ಲಿ ಬಾಗಿಲಾಚೆ ಹಾರಿಸಿದವನು ಒಬ್ಬನಿದ್ದಾನೆ. ಯಾಕೆ? ಅದು ನನಗೆ ಅರ್ಥವಾಗಲಿಲ್ಲ. ಆದರೆ ಒಂದು ದಾರಿ ಕಂಡಿತು. ಸಾಹೇಬರು ಗುಂಡಿ ಲೆಕ್ಕ ನಂಬುವುದಿಲ್ಲ, ಹೆದರಿದ ಹೆಂಗಸಿನ ಮಾತನ್ನೂ ನಂಬುವುದಿಲ್ಲ. ಫೋನ್ ನಂಬರು, ತಾರೀಖು, ಗಂಟೆ ಇದ್ದರೆ ನಂಬಲೇಬೇಕು.

"ಅಜ್ಜಿ, ಇಲ್ಲಿ ಕೇಳಿ" ಎಂದೆ. "ಆ ಫೋನ್ ಮಾಡಿದವರು ಯಾರೇ ಆಗಿರಲಿ, ಎಷ್ಟು ದೊಡ್ಡವರೇ ಆಗಿರಲಿ, ಐದು ಗಂಟೆ ಒಳಗೆ ಅವರ ಹೆಸರು ನನ್ನ ವರದೀಲಿ ಇರುತ್ತೆ. ನಿಮ್ಮ ಬಾಗಿಲಿಗೆ ಈ ನೋಟೀಸು ಅಂಟಲ್ಲ. ಚಿಲಕ ಮಾತ್ರ ಹಾಕಿಸ್ಬೇಕು, ಅರ್ಜಿ ನಾನೇ ಓದಿ ಹೇಳ್ತೀನಿ. ಮಾತು ಕೊಟ್ಟಿದ್ದೀನಿ."

ಅಜ್ಜಿ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು, ಬಿಡುವಾಗಿದ್ದ ಕೈಯಿಂದ ನನ್ನ ಗಲ್ಲ ಮುಟ್ಟಿದಳು.

ಟೀಚರ್ ಫೋನು ತಂದು ತೋರಿಸಿದಳು. ಪರದೆಯ ಮೇಲೆ ಒಂದೇ ಹೆಸರು ಸಾಲುಸಾಲಾಗಿ: ಕಚೇರಿ, ಕಚೇರಿ, ಕಚೇರಿ. ನನ್ನ ಡೈರಿ ತೆಗೆದು ತಾಳೆ ನೋಡಿದೆ. ನಾನು ಈ ಮನೆಗೆ ಬಂದ ಪ್ರತಿ ತಾರೀಖೂ ಅಲ್ಲಿತ್ತು, ಒಂದು ಗಂಟೆ ಮೊದಲು. ತಾಳೆಯಾಗದೆ ಉಳಿದದ್ದು ಮೂರು ದಿನದ ಹಿಂದಿನದು ಮಾತ್ರ.

"ನಂಬರು ತೋರಿಸಿ. ಹೆಸರಲ್ಲ, ನಂಬರು."

ನಮ್ಮ ಕಚೇರಿಯ ನಂಬರು ಅದಲ್ಲ. ಸಾಹೇಬರ ಮೊಬೈಲೂ ಅಲ್ಲ. ಮನೆಗಳಲ್ಲಿರುವಂಥ ಟೆಲಿಫೋನಿನ ನಂಬರು. ಎಲ್ಲೋ ನೋಡಿದ ಹಾಗಿತ್ತು. ಬರೆದುಕೊಳ್ಳಲು ಪೆನ್ನು ಸಿಗದೆ ನನ್ನ ಫೋನಿನಲ್ಲೇ ಒಂದೊಂದಾಗಿ ಅಂಕಿ ಒತ್ತಿದೆ.

ಕೊನೆಯ ಅಂಕಿ ಒತ್ತಿದ ಕೂಡಲೇ ನನ್ನ ಫೋನು ಆ ನಂಬರನ್ನು ಗುರುತು ಹಿಡಿಯಿತು. ಪರದೆಯ ಮೇಲೆ ಎರಡೇ ಅಕ್ಷರ ಮೂಡಿದವು.

ಮನೆ.

ಮತ್ತೊಮ್ಮೆ ಒತ್ತಿ ನೋಡಿದೆ. ಅವಳ ಫೋನಿನಲ್ಲಿ ಕಚೇರಿ, ನನ್ನ ಫೋನಿನಲ್ಲಿ ಮನೆ, ನಂಬರು ಒಂದೇ. ನಾನು, ಗಂಡ ಇಬ್ಬರೂ ಎಂಟೂವರೆಗೆ ಕೆಲಸಕ್ಕೆ ಹೊರಟುಬಿಡುವ ಮನೆ. ನನ್ನ ಡೈರಿ ರಾತ್ರಿಯೆಲ್ಲ ಟೆಲಿಫೋನಿನ ಪಕ್ಕದ ಸ್ಟೂಲಿನ ಮೇಲೆ ಇರುವ ಮನೆ.

"ಏನಾಯ್ತು ಮಗಳೇ? ಮುಖ ಯಾಕೆ ಬಿಳಿಚ್ಕೊಂಡಿದೆ?" ಎಂದಳು ಅಜ್ಜಿ.

ಅವಳಿಗೆ ಮಾತು ಕೊಟ್ಟು ಐದು ನಿಮಿಷವೂ ಆಗಿರಲಿಲ್ಲ. ನಾನು ಟೀಚರ್‌ಳ ಕೈಯಿಂದ ಅವಳ ಫೋನು ತೆಗೆದುಕೊಂಡು, "ಕಚೇರಿ"ಯನ್ನು ಒತ್ತಿ, ಸ್ಪೀಕರ್ ಹಾಕಿದೆ. ಸುಮ್ಮನಿರಿ ಎಂದು ಇಬ್ಬರಿಗೂ ಸನ್ನೆ ಮಾಡಿದೆ. ಎರಡು ಸಲ ರಿಂಗಾಯಿತು. ಆ ಕಡೆ ಗಂಟಲು ಸರಿ ಮಾಡಿಕೊಂಡ ಸದ್ದು, ದಿನವೂ ಬೆಳಿಗ್ಗೆ ನಾನು ಕಾಫಿ ಕೊಡುವಾಗ ಕೇಳುವ ಅದೇ ಸದ್ದು.

"ಹೇಳಮ್ಮ ಟೀಚರ್" ಎಂದರು ನನ್ನ ಮಾವ. "ಇನ್ನೂ ಐದಾಗಿಲ್ಲವಲ್ಲ, ಯಾಕೆ ಗಾಬರಿ? ಆ ಮುದುಕಿ ಬಾಗಿಲು ಇವತ್ತಿಗೆ ಮುಚ್ಚಿಹೋಗುತ್ತೆ, ಆಮೇಲೆ ಹೊಟ್ಟೆಪಾಡಿಗೆ ಆ ಮನೆಜಾಗ ನನಗೇ ಮಾರ್ತಾಳೆ. ಇನ್ನು ಮುಚ್ಚಿಡೋದೇನು, ನೋಟೀಸು ಅಂಟಿಸೋಕೆ ಬರ್ತಿರೋಳು ನನ್ನ ಸೊಸೆ. ಅವಳು ಕೊಟ್ಟ ಮಾತಿಗೆ ತಪ್ಪೋಳಲ್ಲ."